ಲಾರಿ ನ್ಯಾಷನಲ್ ಪರ್ಮಿಟ್‌ಗೆ ವರ್ಷಾ ವರ್ಷ ದುಡ್ಡು ಕಟ್ಟಬೇಕಾ?

ಪರ: ಕಟ್ಲೇಬೇಕು, ಅದ್ರಲ್ಲೇನಿದೆ?
(ಪೀಣ್ಯದ ಟ್ರಾನ್ಸ್‌ಪೋರ್ಟ್ ಆಫೀಸೊಂದರ ಅಕೌಂಟೆಂಟ್)

ಲಾರಿ ಓನರ್‌ಗಳು ನಾಕ್ ಜನ ಸೇರಿದ್ರೆ ಸಾಕು, ಅದೇ ರಾಗ. ವರ್ಷಾ ವರ್ಷ ಯಾಕ್ರೀ ಕಟ್ಬೇಕು ಅಂತ. ನಾನು ಲೆಕ್ಕ ಬರೆಯೋಳು, ಲಾರಿ ಬುಕ್ ಮಾಡೋದೂ ನಾನೇ, ಪೇಪರ್ ಸರಿ ಇಲ್ಲದ ಲಾರಿ ಎಷ್ಟು ಜನರ ಹೊಟ್ಟೆ ಉರಿಸತ್ತೆ ಅಂತ ಓನರ್‌ಗಿಂತ ನಂಗೇ ಜಾಸ್ತಿ ಗೊತ್ತು.

ಮೊದ್ಲು ದುಡ್ಡಿನ ಮಾತು. ವರ್ಷಕ್ಕೆ 16,500, ಅದ್ರ ಮೇಲೆ ಬೇರೆ ರಾಜ್ಯದಲ್ಲಿ ಓಡಿಸೋಕೆ ವರ್ಷ ವರ್ಷ ತಗೊಳ್ಳೋ ಒಪ್ಪಿಗೆ, ಅಂದ್ರೆ ಅಥರೈಸೇಶನ್ನಿಗೆ 1,000. ಇಷ್ಟಕ್ಕೆ ಇಡೀ ದೇಶ ಓಡಿಸ್ಬೋದು. 2010ಕ್ಕೆ ಮುಂಚೆ ಹೋಗೋ ಒಂದೊಂದು ರಾಜ್ಯಕ್ಕೂ ಸಾಮಾನ್ಯವಾಗಿ 5,000 ಅಂತ ಬೇರೆ ಬೇರೆ ಬ್ಯಾಂಕ್ ಡ್ರಾಫ್ಟ್ ತೆಗೆಸಿ ಅಲೀಬೇಕಿತ್ತು, ಅದೆಲ್ಲ ಮರೆತ್ಹೋಯ್ತಾ? ಈಗಿನ ಲೆಕ್ಕಕ್ಕೆ ದಿನಕ್ಕೆ ಐವತ್ತು ರೂಪಾಯೂ ಬೀಳಲ್ಲ.

ಇನ್ನು ಅಸಲಿ ವಿಷಯ. ಒಂದ್ಸಲ ಇಲ್ಲಿಂದ ಪುಣೆ ಹತ್ರದ ಚಾಕಣ್‌ಗೆ ಕಾಸ್ಟಿಂಗ್ ಲೋಡು, ಅರ್ಜೆಂಟು, ಬ್ರೋಕರ್ ಒಬ್ರು ಲಾರಿ ಕಳ್ಸಿದ್ರು, ಪೇಪರ್ ಎಲ್ಲಾ ಕ್ಲಿಯರ್ ಮೇಡಂ ಅಂತ ಆಣೆ ಪ್ರಮಾಣ. ನಿಪ್ಪಾಣಿ ದಾಟಿದ ಮೇಲೆ ಹಿಡಿದ್ರು, ನೋಡಿದ್ರೆ ಅಥರೈಸೇಶನ್ ಮುಗಿದು ಯಾವ ಕಾಲ ಆಗಿತ್ತೋ. ಓನರ್ ಫೋನ್ ಸ್ವಿಚ್ ಆಫ್. ಬ್ರೋಕರ್‌ಗೆ ಫೋನ್ ಮಾಡಿದ್ರೆ ಓನರ್‌ನ ಕೇಳಿ ಅಂತಾರೆ. ಡ್ರೈವರ್ ಪಾಪ ದಾವಣಗೆರೆ ಕಡೆ ಹುಡುಗ, ಕೈಯಲ್ಲಿ ಕಾಸಿಲ್ಲ, ಅಕ್ಕಾ ಊಟಕ್ಕಾದ್ರೂ ಹಾಕಿ ಅಂತ ನಂಗೇ ಫೋನು, ಹಾಕ್ದೆ. ಅತ್ಲಾಗೆ ಮಾಲು ತರಿಸ್ಕೊಳ್ಳೋ ಪಾರ್ಟಿಯೋರು ಫ್ಯಾಕ್ಟರಿ ಲೈನ್ ನಿಂತೋಯ್ತು ಅಂತ ಕಿರುಚಾಡಿ ಕೊನೆಗೆ ಬಾಡಿಗೆಯಲ್ಲೇ ಕಟ್ ಮಾಡ್ಕೊಂಡ್ರು, ಬೇರೆ ಲಾರಿಗೆ ಮಾಲು ಬದಲಾಯಿಸೋಕೆ ಹಮಾಲಿ ಖರ್ಚು ಬೇರೆ ನಮ್ ತಲೆಗೆ. ಆ ಓನರ್ ಆಮೇಲೆ ಸಿಕ್ಕಿದಾಗ ಏನಂದ್ರು ಗೊತ್ತಾ, "ಎಲ್ರೂ ಹಂಗೇ ಓಡಿಸ್ತಾರಮ್ಮ" ಅಂತ! ಅವತ್ತಿಂದ ವ್ಯಾಲಿಡಿಟಿ ನಾನೇ ಆನ್‌ಲೈನ್‌ನಲ್ಲಿ ನೋಡದೆ ಎಲ್‌ಆರ್ (ಲಾರಿಗೆ ಮಾಲು ಒಪ್ಸಿದ ರಸೀದಿ) ಬರೆಯಲ್ಲ.

ಇದೇ ಲಾರಿ ಯಾರಿಗಾದ್ರೂ ಗುದ್ದಿದ್ರೆ? ಪರ್ಮಿಟ್ ಇಲ್ಲದೆ ಓಡ್ಸೋದು ಪಾಲಿಸಿಯ ಮೂಲ ಷರತ್ತನ್ನೇ ಮುರಿದಂಗೆ ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇನ್ಶೂರೆನ್ಸ್ ಕಂಪನಿ ಮೊದ್ಲು ಪರಿಹಾರ ಕೊಟ್ಟು ಆಮೇಲೆ ಓನರ್ ಹತ್ರ ವಸೂಲಿ ಮಾಡ್ಬೋದು. ಮನೆ ಮಾರ್ಬೇಕು ಆಗ. ವರ್ಷಕ್ಕೊಂದ್ಸಲ ಕಟ್ಟೋ ನೆಪದಲ್ಲಾದ್ರೂ ಎಫ್‌ಸಿ (ಲಾರಿ ಓಡ್ಸೋಕೆ ಫಿಟ್ ಅನ್ನೋ ಸರ್ಟಿಫಿಕೇಟು), ಇನ್ಶೂರೆನ್ಸು, ಟ್ಯಾಕ್ಸು ಎಲ್ಲಾ ತಿರುವಿ ನೋಡ್ತಾರೆ. ಬೇಡ ಅನ್ನೋರಿಗೆ ಲಾರಿ ಅಂದ್ರೆ ಊರ ಎತ್ತಿನಗಾಡಿ ಇದ್ದಂಗೆ, ಎಲ್ಲಿ ಬೇಕಾದ್ರೂ ಬಿಡ್ಬೇಕು, ಯಾರೂ ಕೇಳ್ಬಾರ್ದು. ಅಂಥೋರ ಲಾರಿಗೆ ನಾನಂತೂ ಲೋಡ್ ಕೊಡಲ್ಲ.

ವಿರೋಧ: ಒಂದೇ ಸಲ ತಗೊಂಡ್ರೆ ಆಗಲ್ವಾ?
(ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಉದ್ಯೋಗಿ)

ನಮ್ಮಪ್ಪಂದು ಒಂದು ಲಾರಿ ಇತ್ತು ಅನ್ನೋ ಒಂದೇ ಕಾರಣಕ್ಕೆ ವಿರೋಧ ನೀನೇ ಬರಿ ಅಂದ್ರು. ನಂಗೆ ಅಂಥಾ ಸಿಟ್ಟೇನೂ ಇಲ್ಲ ನಿಜ ಹೇಳ್ಬೇಕು ಅಂದ್ರೆ. ಆದ್ರೂ ಒಪ್ಕೊಂಡಿದೀನಿ, ಬರೀತೀನಿ.

ಪರ್ಮಿಟ್ ಕೊಡೋದು ಐದು ವರ್ಷಕ್ಕೆ. ಅಥರೈಸೇಶನ್ ಮಾತ್ರ ವರ್ಷ ವರ್ಷ. ಅದಕ್ಕೆ ದುಡ್ಡು ಕಟ್ಟುವಾಗ ಲಾರಿನ ಯಾರಾದ್ರೂ ಬಗ್ಗಿ ನೋಡ್ತಾರಾ? ಇಲ್ಲ, ಪೇಮೆಂಟ್ ಆಗತ್ತೆ, ಪ್ರಿಂಟ್ ತಗೋತೀವಿ, ಮುಗೀತು. ಬ್ರೇಕು ಟೈರು ನೋಡೋದು ಎಫ್‌ಸಿಯಲ್ಲಿ, ಅದು ಲಾರಿಗೆ ಎಂಟು ವರ್ಷ ಆಗೋ ತನಕ ಎರಡು ವರ್ಷಕ್ಕೊಂದ್ಸಲ. ಅಂದ್ರೆ ಬ್ರೇಕ್ ವಿಷಯದಲ್ಲಿ ಎರಡು ವರ್ಷ ನಂಬ್ತಾರೆ, ದುಡ್ಡಿನ ವಿಷಯದಲ್ಲಿ ಒಂದೇ ವರ್ಷ. ನಾನು ಕಂಡಂಗೆ ಇಡೀ ವಾದ ಇಷ್ಟೇ.

ಕಟ್ಟಿದ ಮೇಲಾದ್ರೂ ನೆಮ್ಮದಿ ಇದ್ಯಾ ಅಂದ್ರೆ ಬಾರ್ಡರ್‌ನಲ್ಲಿ ಮತ್ತೆ ಚೆಕ್‌ಪೋಸ್ಟು. 2025ರ ಏಪ್ರಿಲ್‌ನಲ್ಲಿ ನಮ್ಮ ಲಾರಿ ಮಾಲೀಕರು ಮುಷ್ಕರ ಮಾಡಿದಾಗ ಡೀಸೆಲ್ ರೇಟು, ಟೋಲ್ ಜೊತೆ ಬಾರ್ಡರ್ ಆರ್‌ಟಿಒ ಚೆಕ್‌ಪೋಸ್ಟ್ ತೆಗೀರಿ ಅಂತಾನೂ ಕೇಳಿದ್ರು. ಜಿಎಸ್‌ಟಿ ಬಂದು ಎಷ್ಟು ವರ್ಷ ಆಯ್ತು, ಫಾಸ್ಟ್‌ಟ್ಯಾಗ್ ಇದೆ, ಮಾಲು ಸಾಗಿಸೋಕೆ ಆನ್‌ಲೈನ್‌ನಲ್ಲಿ ತೆಗೆಯೋ ಇ-ವೇ ಬಿಲ್ ಇದೆ, ಲಾರಿ ಎಲ್ಲಿದೆ ಅಂತ ಸರ್ಕಾರಕ್ಕೆ ಓನರ್‌ಗಿಂತ ಮುಂಚೆ ಗೊತ್ತಾಗತ್ತೆ.

ಅಮೆರಿಕಾದಲ್ಲಿ ರಾಜ್ಯ ದಾಟಿ ಓಡ್ಸೋರು ಕಟ್ಟೋ ಯುಸಿಆರ್ ಅನ್ನೋ ಫೀ ಲಾರಿ ಲೆಕ್ಕ ಅಲ್ಲ, ಕಂಪನಿ ಲೆಕ್ಕ. ಎಷ್ಟು ಗಾಡಿ ಇದೆ ಅಂತ ನೋಡಿ ಸ್ಲ್ಯಾಬ್ ಮಾಡ್ತಾರೆ, 2025ಕ್ಕೆ ಎರಡು ಗಾಡಿ ತನಕ 46 ಡಾಲರ್, ಸಾವಿರದ ಮೇಲಿದ್ರೆ 44,836. ಅದೂ ವರ್ಷಾ ವರ್ಷವೇ ಕಟ್ಟೋದು, ಹಾಗಾಗಿ ಈ ಉದಾಹರಣೆ ನಂಗೆ ಎಷ್ಟು ಉಪಯೋಗಕ್ಕೆ ಬರತ್ತೋ ನೋಡಿ. ಆದ್ರೆ ಅಲ್ಲಿ ಒಂದು ಗಾಡಿ ಇಟ್ಕೊಂಡೋನಿಗೆ ಅದು ದೊಡ್ಡ ಮೊತ್ತ ಅಲ್ಲ. ಇಲ್ಲಿ ಯಶವಂತಪುರ ಟ್ರಕ್ ಟರ್ಮಿನಲ್‌ನಲ್ಲಿ ಲೋಡ್ ಸಿಗದೆ ಲಾರಿ ವಾರಗಟ್ಲೆ ನಿಂತ್ರೂ 16,500 ಅಂದ್ರೆ 16,500.

ಪರ ಬರೆಯೋರು ಖಂಡಿತ ಇನ್ಶೂರೆನ್ಸು, ಸುಪ್ರೀಂ ಕೋರ್ಟು ಅಂತ ಹೆದರಿಸ್ತಾರೆ. ಅದು ಬೇರೆ ವಿಷಯ, ಈಗ ಬೇಡ.

ಐದು ವರ್ಷದ್ದು ಒಟ್ಟಿಗೆ ಕಟ್ಟೋಕಾಗೋರು ಕಟ್ಲಿ, ಆಗದೋರಿಗೆ ಕಂತು ಮಾಡ್ಲಿ. ಅಪ್ಪನ್ನ ಕೇಳಿದ್ರೆ "ಕಂತು ಅಂದ್ರೆ ವರ್ಷಕ್ಕೊಂದ್ಸಲ ಬದ್ಲು ತಿಂಗಳಿಗೊಂದ್ಸಲ ತಲೆನೋವು" ಅಂದ್ರು. ಸರಿ, ಒಟ್ಟಿಗೆ ಕಟ್ಟೋದಾದ್ರೂ ಬಿಡ್ಲಿ.