ಐವತ್ತು ರೂಪಾಯಿಗೆ ಐದು ಸಲ ಅಲೆದಾಟ

ನಮ್ಮ ರಾಯಚೂರಲ್ಲಿ ಬಿಸಿಲಿಗೇನು ಬರವೇ? ಅದಕ್ಕೇ ಹೋದ ವರ್ಷ ಗೀಸರ್ ತೆಗೆಸಿ ಮಾಳಿಗೆ ಮೇಲೆ ಸೋಲಾರ್ ವಾಟರ್ ಹೀಟರ್ ಹಾಕಿಸಿದೆವು. ನೀರು ಚೆನ್ನಾಗಿ ಕಾಯುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಸೋಲಾರ್ ಹೀಟರ್ ಇರುವ ಮನೆಗೆ ಕರೆಂಟ್ ಬಿಲ್‌ನಲ್ಲಿ ಯೂನಿಟ್‌ಗೆ 50 ಪೈಸೆ ರಿಯಾಯಿತಿ ಇದೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಕೂಲರ್ ಓಡುವ ಬೇಸಿಗೆಯಲ್ಲಿ ನಮ್ಮದು 200 ಯೂನಿಟ್ ದಾಟುತ್ತದೆ, ಪೂರ್ತಿ ಬಿಲ್ ಕಟ್ಟಬೇಕು. ಆಗ ಆ ಐವತ್ತೂ ದೊಡ್ಡದೇ. ಕರೆಂಟ್ ಆಫೀಸಿಗೆ ಅರ್ಜಿ ಕೊಟ್ಟೆ, ರಸೀದಿ ಕೊಟ್ಟೆ, ಮಾಳಿಗೆಯ ಫೋಟೊನೂ ಕೊಟ್ಟೆ. "ನೋಡಾಕ ಬರ್ತೀವ್ರಿ" ಅಂದರು. ಬರಲಿಲ್ಲ. ಪ್ರತಿ ತಿಂಗಳು ಆ ಉದ್ದನೆಯ ತೆಳು ಚೀಟಿಯನ್ನು ಕಿಟಕಿ ಬೆಳಕಿಗೆ ಹಿಡಿದು ರಿಯಾಯಿತಿಯ ಸಾಲು ಹುಡುಕುತ್ತೇನೆ. ಅಲ್ಲಿ 0.00. ಐದು ಸಲ ಹೋಗಿ ಬಂದೆ. ಒಂದು ವರ್ಷದ ರಿಯಾಯಿತಿ ಆಟೊಕ್ಕೇ ಹೋಯಿತು.

ಬೋರ್‌ವೆಲ್ ನೀರಿಗೆ ಕೊಳವೆಯಲ್ಲಿ ಸುಣ್ಣ ಬೇರೆ ಕಟ್ಟುತ್ತದೆ, ಅದನ್ನು ತೆಗೆಸುವ ಖರ್ಚೂ ನಮ್ಮದೇ. ಪಕ್ಕದ ಮನೆ ಅಕ್ಕ "ಗೀಸರೇ ಚಲೋ ಇತ್ತು ಬಿಡ್ರಿ" ಅಂದಾಗ ಹೊಟ್ಟೆ ಉರಿಯಿತು. ಮಾಳಿಗೆ ಬಾಗಿಲಿಗೆ ನಾವು ಬೀಗ ಕೂಡ ಹಾಕುವುದಿಲ್ಲ. ಹತ್ತಿ ನೋಡಿ ಒಂದು ಸಹಿ ಹಾಕಲು ಐದು ನಿಮಿಷ ಸಾಕು, ಅಲ್ವಾ?