ಗ್ರಹಣಕ್ಕೂ ಆ ಮಗು ತುಟಿಗೂ ಸಂಬಂಧ ಇಲ್ಲ

ನಿನ್ನೆ ನೆಂಟರ ಮನೆ ತೊಟ್ಟಿಲು ಶಾಸ್ತ್ರಕ್ಕೆ ಹೋಗಿ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಮಗೂಗೆ ಎಡಗಡೆ ಮೇಲ್ತುಟಿ ಮೂಗಿನ ಹೊಳ್ಳೆ ತನಕ ಸೀಳಿದೆ. ಹಿರಿಯರೊಬ್ಬರು ಎಲ್ಲರ ಎದುರಿಗೇ ಬಾಣಂತಿಗೆ, "ಸೆಪ್ಟೆಂಬರ್ ಗ್ರಹಣದ ದಿನ ಈಳಿಗೆ ಮಣೆ ಮುಟ್ಟಿದ್ಯೇನೇ?" ಅಂದ್ರು. ಅವಳು ಸೆರಗಲ್ಲಿ ಮಗು ಬಾಯಿ ಮುಚ್ಚಿ ತಲೆ ತಗ್ಗಿಸಿಬಿಟ್ಲು.

ನಾನು ಇಂಥ ಮಕ್ಕಳಿಗೇ ಸ್ಪೀಚ್ ಥೆರಪಿ ಮಾಡೋಳು, ನಿಮಗೆಲ್ಲ ಗೊತ್ತೇ ಇದೆ. "ನಾನೇನು ತಪ್ಪು ಮಾಡಿದೆ ಮೇಡಂ" ಅಂತ ಕೇಳದ ತಾಯಿ ಅಪರೂಪ.

ಯಾವ ಕತ್ತಿನೂ ತುಟಿ ಕತ್ತರಿಸಲ್ಲ ಕಣ್ರೀ, ಅದು ಕೂಡಿಕೊಳ್ಳದೇ ಉಳಿದದ್ದು. ಗರ್ಭ ಕಟ್ಟಿ 4ನೇ ವಾರದ ಹೊತ್ತಿಗೆ ಬಾಯಿ ಆಗೋ ಜಾಗದ ಸುತ್ತ ಐದು ಉಬ್ಬು ಇರುತ್ತೆ, ಹಣೆ ಕಡೆಯಿಂದ ಒಂದು, ಮೇಲ್ದವಡೆಗೆ ಎರಡು, ಕೆಳದವಡೆಗೆ ಎರಡು. 6-7ನೇ ವಾರದಲ್ಲಿ ಮೇಲ್ದವಡೆ ಉಬ್ಬುಗಳು ಎರಡೂ ಕಡೆಯಿಂದ ನಡುವಿಗೆ ಸರಿದು ಹಣೆ ಕಡೆಯ ಉಬ್ಬಿನಿಂದಲೇ ಮೂಡಿದ ಮೂಗಿನ ಒಳಬದಿ ಉಬ್ಬುಗಳ ಜೊತೆ ಬೆಸೆದುಕೊಂಡ್ರೆ ಮೇಲ್ತುಟಿ ಆಯ್ತು, ಯಾವ ಕಡೆ ಬೆಸೆಯಲಿಲ್ವೋ ಆ ಕಡೆ ಸೀಳು. ಅಂಗುಳದ್ದು ಆಮೇಲೆ. ನಾಲಿಗೆಯ ಅಕ್ಕಪಕ್ಕ ಇಳಿಬಿದ್ದಿರೋ ಎರಡು ಪದರ, ನಾಲಿಗೆ ಕೆಳಗಿಳಿದು ಜಾಗ ಬಿಟ್ಟಮೇಲೆ ಮೇಲೆದ್ದು ಅಡ್ಡಡ್ಡಲಾಗಿ ನಡುವೆ ಸೇರಬೇಕು. ಎಲ್ಲಾ 12ನೇ ವಾರದೊಳಗೆ ಮುಗಿದುಹೋಗುತ್ತೆ. 2025ರ ಸೆಪ್ಟೆಂಬರ್ 7ರ ಗ್ರಹಣಕ್ಕೆ ಇವಳಿಗೆ ಐದು ತಿಂಗಳು! ಅವತ್ತು ಅವಳು ಹುರುಳಿಕಾಯಿ ಹೆಚ್ಚಿದ್ರೆಷ್ಟು ಬಿಟ್ರೆಷ್ಟು?

ಕಾರಣ ಹೆಚ್ಚಾಗಿ ಹಲವು ಜೀನ್‌ಗಳು ಸೇರಿ ಆಗೋದು, ಅದರ ಜೊತೆ ವಾಲ್ಪ್ರೊಯೇಟ್ ಥರದ ಕೆಲವು ಫಿಟ್ಸ್ ಮಾತ್ರೆ, ಸಿಗರೇಟ್, ಹಿಡಿತಕ್ಕೆ ಬರದ ಶುಗರ್ ಕೂಡ ಅಪಾಯ ಹೆಚ್ಚಿಸುತ್ತೆ. ಎಷ್ಟೋ ಮಕ್ಕಳಲ್ಲಿ ಇದೇ ಕಾರಣ ಅಂತ ಬೆರಳು ತೋರಿಸೋಕೇ ಆಗಲ್ಲ. ಹಾಗಿರುವಾಗ ತಾಯಿ ಕಡೆಗೇ ಯಾಕೆ ತೋರಿಸ್ತೀರಿ?

"ಒಂದು ದಿನ ಚಾಕು ಮುಟ್ಟದಿದ್ರೆ ಗಂಟೇನು ಹೋಗುತ್ತೆ" ಅಂತ ಕಾಮೆಂಟಲ್ಲಿ ಬರ್ತೀರಿ, ಗೊತ್ತು. ಮುಟ್ಟದೇ ಇರೋದು ನಿಮ್ಮಿಷ್ಟ. ಮುಟ್ಟಿದವಳಿಗೆ ಜನ್ಮಪೂರ್ತಿ ಮಗು ಮುಖ ತೋರಿಸಿ ತಪ್ಪು ಹೊರಿಸ್ತೀರಲ್ಲ, ಅದನ್ನ ನಾನು ಒಪ್ಪಲ್ಲ.

ಮಗು ಹೊಟ್ಟೆ ತುಂಬ ಹಾಲು ಕುಡಿಯುತ್ತಾ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಟಾರ್ಚ್ ಹಾಕಿ ನೋಡಿದ್ರೆ ಅಂಗುಳವೂ ಹಿಂದಿನ ತನಕ ತೆರೆದಿದೆ. ಚೀಪಿ ಎಳೆಯೋಕಾಗಲ್ಲ, ಹಾಲು ಮೂಗಲ್ಲಿ ಬರ್ತಿದೆ. ತಲೆ ಎತ್ತರ ಇಟ್ಟು ನೆಟ್ಟಗೆ ಕೂರಿಸಿಕೊಂಡು ಸ್ವಲ್ಪ ಸ್ವಲ್ಪವೇ ಕುಡಿಸು, ಇದಕ್ಕೇ ಅಂತ ಬಾಟಲಿ ಬರುತ್ತೆ ತರಿಸಿಕೋ ಅಂತ ಹೇಳಿಕೊಟ್ಟು ಬಂದೆ. ತುಟಿಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ಅಂಗುಳಕ್ಕೆ ಮಾತು ಬಲಿಯೋ ಮುಂಚೆ, ವರ್ಷದ ಆಸುಪಾಸಲ್ಲಿ ಆಪರೇಷನ್. ಮಕ್ಕಳ ಆರೋಗ್ಯ ತಪಾಸಣೆಗೆ ಅಂತ ಇರೋ ಸರ್ಕಾರದ ಆರ್‌ಬಿಎಸ್‌ಕೆ ಯೋಜನೇಲಿ ಇದೂ ಸೇರಿದೆ, ಆಶಾ ಕಾರ್ಯಕರ್ತೆ ಹತ್ರ ಕೇಳಿ. ನಿಮ್ಮ ಕಡೆ ಇಂಥ ಮಗು ಇದ್ರೆ ಈ ವಾರವೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.