ಜೆಡ್ ಸ್ಕೇಲಿನಲ್ಲಿ ಘಾಟಿ ಕಟ್ಟುವವರಿಗೆ: ಹಳಿ ಕಡಿಮೆ ಇರಲಿ, ಕಾಡು ಹೆಚ್ಚಿರಲಿ

ಜೆಡ್ ಸ್ಕೇಲ್ ಮಾಡೆಲ್ ರೈಲು ಕೊಂಡವರಲ್ಲಿ ಬಹಳಷ್ಟು ಜನ ಮೊದಲು ಹಾಕುವ ಲೆಕ್ಕ ಒಂದೇ: ಇದೇ ಮೇಜಿನ ಮೇಲೆ ಇನ್ನೆಷ್ಟು ಹಳಿ ಹಿಡಿಸಬಹುದು? ಆ ಲೆಕ್ಕದಲ್ಲಿಯೇ ಲೇಔಟ್ (ಹಲಗೆಯ ಮೇಲೆ ಕಟ್ಟುವ ಹಳಿ, ಗುಡ್ಡ, ಕಾಡಿನ ಮಾದರಿ) ಅರ್ಧ ಕೆಡುತ್ತದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1972ರಲ್ಲಿ ಈ ಸ್ಕೇಲನ್ನು ತಂದಿತು. ಅಳತೆ 1:220, ಅಂದರೆ ನಿಜವಾದದ್ದರ 220ನೇ ಒಂದು ಪಾಲು; ಎರಡು ಹಳಿಗಳ ನಡುವಿನ ಅಂತರ 6.5 ಮಿ.ಮೀ. ಇಷ್ಟು ಸಣ್ಣದರಿಂದ ನಮಗೆ ಸಿಗುವ ನಿಜವಾದ ಲಾಭ ಹಳಿಯದಲ್ಲ, ನೆಲದ್ದು. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಒಂದು ಹಲಗೆ ಎಂದರೆ 198 ಮೀಟರ್ ಉದ್ದ, 99 ಮೀಟರ್ ಅಗಲದ ಜಾಗ. ಅದರ ಮೇಲೆ 30 ಸೆಂ.ಮೀ. ಎತ್ತರದ ಗುಡ್ಡ ಎಬ್ಬಿಸಿದರೆ 66 ಮೀಟರ್ ಆಯಿತು. ದೊಡ್ಡ ಸ್ಕೇಲಿನವರು ಗುಡ್ಡವನ್ನು ದಿಬ್ಬ ಮಾಡಿ ಸುಮ್ಮನಾಗಬೇಕಾಗುತ್ತದೆ. ನಮಗೆ ಆ ಬಡತನ ಇಲ್ಲ.

ಉದಾಹರಣೆಗೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯನ್ನೇ ತೆಗೆದುಕೊಳ್ಳೋಣ. ಸುಮಾರು 55 ಕಿ.ಮೀ. ದಾರಿ, 57 ಸುರಂಗ, 50ಕ್ಕೆ 1ರ ಏರು. ಇಡೀ ದಾರಿಯನ್ನು 1:220ಕ್ಕೆ ಇಳಿಸಿದರೂ 250 ಮೀಟರ್ ಆಗುತ್ತದೆ. ಹಾಗಾಗಿ ಎಡಕುಮೇರಿ, ಶಿರಿಬಾಗಿಲು, ದೋಣಿಗಲ್ ನಿಲ್ದಾಣಗಳೆಲ್ಲವನ್ನೂ ಒಂದೇ ಹಲಗೆಗೆ ತುರುಕುವ ಆಸೆ ಬಿಟ್ಟುಬಿಡಿ. ಒಂದು ಸುರಂಗದ ಬಾಯಿ, ಒಂದು ಸೇತುವೆ, ಒಂದು ಕಡಿದಾದ ಕಟಿಂಗ್ (ಹಳಿಗಾಗಿ ಗುಡ್ಡ ಕಡಿದ ಜಾಗ) ಸಾಕು. ರೈಲು ತಿರುಗಿ ಬರುವ ಸುತ್ತು ಗುಡ್ಡದ ಹೊಟ್ಟೆಯೊಳಗೆ ಇರಲಿ. 50ಕ್ಕೆ 1 ಎಂದರೆ ಮೀಟರಿಗೆ 2 ಸೆಂ.ಮೀ. ಏರು. ಇಷ್ಟನ್ನು ಜೆಡ್ ಎಂಜಿನ್ ಐದಾರು ಬೋಗಿ ಕಟ್ಟಿಕೊಂಡು ಹತ್ತಬಲ್ಲದು. ನೋಡಲು ಚೆನ್ನಾಗಿರುತ್ತದೆಂದು ಏರನ್ನು ಇನ್ನೂ ಹೆಚ್ಚಿಸಬೇಡಿ. ಎಂಜಿನ್ ತೂಕವೇ ಕಡಿಮೆ, ತಿರುವಿನಲ್ಲಿ ಚಕ್ರ ಜಾರುತ್ತದೆ.

ಗೇಜಿನ, ಅಂದರೆ ಹಳಿಗಳ ನಡುವಿನ ಅಂತರದ, ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. 1:220ರಲ್ಲಿ ಅದು 7.6 ಮಿ.ಮೀ. ಇರಬೇಕು, ನಮ್ಮ ಕೈಯಲ್ಲಿರುವುದು 6.5. ಒಂದು ಮಿ.ಮೀ. ಚಿಲ್ಲರೆ ವ್ಯತ್ಯಾಸ, ಜಲ್ಲಿ ಹಾಸಿದ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಈ ದಾರಿ 1979ರಲ್ಲಿ ಪೂರ್ಣಗೊಂಡಾಗ ಮೀಟರ್ ಗೇಜ್ ಆಗಿತ್ತು, ಬ್ರಾಡ್ ಗೇಜ್ ಆಗಿ ಪ್ರಯಾಣಿಕರ ರೈಲು ಓಡಿದ್ದು 2007ರ ಕೊನೆಗೆ. ಆ ಹಳೆಯ ಕಾಲವನ್ನೇ ಕಟ್ಟುವ ಮನಸ್ಸಿದ್ದರೆ ಇದೇ ಜೆಡ್ ಹಳಿಯ ಮೇಲೆ 1:160 ಅಳತೆಯಲ್ಲಿ ಕಟ್ಟಬಹುದು. 1000 ಮಿ.ಮೀ. ಗೇಜ್ ಆ ಅಳತೆಯಲ್ಲಿ 6.25 ಮಿ.ಮೀ. ಆಗುತ್ತದೆ. ಬೋಗಿಗಳನ್ನು ಮಾತ್ರ ಕೈಯಲ್ಲೇ ಮಾಡಿಕೊಳ್ಳಬೇಕು. ಮುಂದೆ ಹೇಳುವ ಅಳತೆಗಳೆಲ್ಲ 1:220ಕ್ಕೆ.

ಗುಡ್ಡಕ್ಕೆ ಎಕ್ಸ್‌ಪಿಎಸ್ ಎನ್ನುವ ಇನ್ಸುಲೇಶನ್ ಫೋಮ್ ಶೀಟ್ ಸಿಕ್ಕರೆ ಅದನ್ನೇ ತನ್ನಿ. ಮಾಮೂಲಿ ಬಿಳಿ ಥರ್ಮೋಕೋಲನ್ನು ಚಾಕುವಿನಿಂದ ಕೊಯ್ದರೆ ಗುಳಿಗೆ ಗುಳಿಗೆಯಾಗಿ ಉದುರುತ್ತದೆ, ಆ ಗುಳಿಗೆಗಳು ಎಲ್ಲೆಡೆ ಅಂಟಿಕೊಂಡು ಗೇರಿನೊಳಗೂ ಹೋಗುತ್ತವೆ. ಬೇರೆ ದಾರಿಯಿಲ್ಲದಿದ್ದರೆ ಹೆಚ್ಚು ಸಾಂದ್ರತೆಯದ್ದನ್ನು ಕೇಳಿ ತಂದು ಬಿಸಿ ತಂತಿಯಿಂದ ಕೊಯ್ಯಿರಿ, ಕಿಟಕಿ ತೆರೆದಿರಲಿ. ಪದರಗಳ ನಡುವೆ ಫೆವಿಕಾಲ್ ದಪ್ಪ ಬಳಿದರೆ ವಾರವಾದರೂ ಒಣಗುವುದಿಲ್ಲ, ಏಕೆಂದರೆ ಒಳಗೆ ಗಾಳಿ ಆಡುವುದಿಲ್ಲ. ತೆಳ್ಳಗೆ ಬಳಿದು, ಹಲ್ಲುಕಡ್ಡಿ ಚುಚ್ಚಿ, ಮೇಲೆ ಭಾರ ಇಡಿ. ರಬ್ಬರ್ ಸಲ್ಯೂಶನ್, ಸ್ಪ್ರೇ ಪೇಂಟ್, ಥಿನ್ನರ್ ಇವು ಯಾವುದೂ ಫೋಮಿಗೆ ತಾಗಕೂಡದು, ಕರಗಿ ಗುಂಡಿ ಬೀಳುತ್ತದೆ. ಮೇಲ್ಮೈಗೆ ಔಷಧಿ ಅಂಗಡಿಯ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬ್ಯಾಂಡೇಜ್ ಹಾಸುವವರಿದ್ದಾರೆ. ಒಳ್ಳೆಯದೇ, ಆದರೆ ಬಟ್ಟೆಯ ನೇಯ್ಗೆ ಈ ಸ್ಕೇಲಿನಲ್ಲಿ ಎದ್ದು ಕಾಣುತ್ತದೆ. ಅದರ ಮೇಲೆ ವಾಲ್ ಪುಟ್ಟಿಯನ್ನು ಕಂದು ಬಣ್ಣ ಕಲಸಿ ಎಳೆಯಲೇಬೇಕು. ಒಂದು ಸಲಕ್ಕೆ 2 ಮಿ.ಮೀ. ಮೀರಿದರೆ ಬಿರುಕು ಬಿಡುತ್ತದೆ. ಬಂಡೆಗೆ ಅಲ್ಯೂಮಿನಿಯಂ ಫಾಯಿಲನ್ನು ಮುದುಡಿ, ಅರೆಬಿಡಿಸಿ, ಅದರೊಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದರೆ ಸಾಕು. ಫಾಯಿಲಿನ ಸಣ್ಣ ಮಡಿಕೆಗಳು ಈ ಸ್ಕೇಲಿಗೆ ಹೇಳಿ ಮಾಡಿಸಿದ ಹಾಗಿರುತ್ತವೆ. ದೊಡ್ಡ ಸ್ಕೇಲಿಗೆಂದು ಮಾರುವ ರಬ್ಬರ್ ಅಚ್ಚಿನ ಬಂಡೆಗಳು ಇಲ್ಲಿ ಬೇಡ.

ಸುರಂಗದ ಬಾಯಿ ಎಷ್ಟಿರಬೇಕು ಎಂದು ಕಣ್ಣಂದಾಜಿನಲ್ಲಿ ಕೊರೆಯಬೇಡಿ. ಈಗಿನ ರೈಲುಗಳ ಎಲ್‌ಎಚ್‌ಬಿ ಮಾದರಿಯ ಬೋಗಿ 23.5 ಮೀಟರ್ ಉದ್ದ, ಅಂದರೆ 10.7 ಸೆಂ.ಮೀ. ಅದರ ಎರಡು ಚಕ್ರಗುಂಪುಗಳ ಮಧ್ಯಬಿಂದುಗಳ ಅಂತರ 6.8 ಸೆಂ.ಮೀ. 195 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಬೋಗಿಯ ನಡು ಒಳಕ್ಕೆ ಸುಮಾರು 3 ಮಿ.ಮೀ., ತುದಿ ಹೊರಕ್ಕೆ 4 ಮಿ.ಮೀ.ಗಿಂತ ತುಸು ಹೆಚ್ಚು ಚಾಚುತ್ತದೆ. ನೇರ ಹಳಿಯಲ್ಲಿ 15 ಮಿ.ಮೀ. ಜಾಗ ಬೇಡುವ ಬೋಗಿ ಈ ತಿರುವಿನಲ್ಲಿ 22 ಮಿ.ಮೀ.ಗಿಂತ ಹೆಚ್ಚು ಬೇಡುತ್ತದೆ. ಆದ್ದರಿಂದ ತಿರುವಿನಲ್ಲಿರುವ ಸುರಂಗಕ್ಕೆ 28ರಿಂದ 30 ಮಿ.ಮೀ. ಅಗಲ ಕೊಡಿ, ಹೊರಬದಿಗೆ ತುಸು ಹೆಚ್ಚೇ ಬಿಡಿ. ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯ ಅಳತೆಗೆ ರಟ್ಟು ಕತ್ತರಿಸಿ ಚಾಸಿಸ್ ಮೇಲೆ ಅಂಟಿಸಿ, ಕೈಯಿಂದ ತಳ್ಳಿ ನೋಡಿ. ಗುಡ್ಡದ ತಲೆ ಎತ್ತಿ ತೆಗೆಯುವಂತಿರಲಿ. ಒಳಗೆ ರೈಲು ಹಳಿ ತಪ್ಪುವುದು ಖಂಡಿತ, ಕೈ ಹೋಗದಿದ್ದರೆ ಕಾಡನ್ನೇ ಒಡೆಯಬೇಕಾಗುತ್ತದೆ.

ಈಗ ಜಲ್ಲಿ. ಜೆಡ್ ಲೇಔಟ್‌ಗಳ ಮಾನ ಹೋಗುವುದು ಹೆಚ್ಚಾಗಿ ಇಲ್ಲಿಯೇ. ನಿಜವಾದ ಹಳಿಯ ಜಲ್ಲಿ 50 ಮಿ.ಮೀ. ಎಂದುಕೊಂಡರೆ 1:220ಕ್ಕೆ ಅದು 0.23 ಮಿ.ಮೀ. ಅರ್ಧ ಮಿ.ಮೀ. ಪುಡಿ ಹಾಕಿದರೂ ಅದು 11 ಸೆಂ.ಮೀ. ಕಲ್ಲು, ಹಳಿಯ ಪಕ್ಕ ಬಂಡೆ ಉರುಳಿಸಿದಂತೆ ಕಾಣುತ್ತದೆ. ಎಂ-ಸ್ಯಾಂಡ್ ತಂದು ತೊಳೆದು ಒಣಗಿಸಿ, 60 ಮೆಶ್ (ಇಂಚಿಗೆ 60 ಕಣ್ಣು) ಜರಡಿಯಲ್ಲಿ ಇಳಿದದ್ದನ್ನು 100 ಮೆಶ್ ಜರಡಿಯಲ್ಲಿ ಹಿಡಿಯಿರಿ. ನಡುವೆ ಉಳಿಯುವುದು 0.15ರಿಂದ 0.25 ಮಿ.ಮೀ. ಪುಡಿ, ನಮಗೆ ಬೇಕಾದದ್ದು ಅದೇ. ಅದಕ್ಕಿಂತ ನಯವಾದದ್ದನ್ನು ಎಸೆದುಬಿಡಿ. ಅಂಟು ತಾಗಿದೊಡನೆ ಅದು ಕೆಸರಾಗಿ, ಒಣಗಿದ ಮೇಲೆ ಸಿಮೆಂಟಿನ ಗಾರೆಯಂತೆ ಕಾಣುತ್ತದೆ. ಪುಡಿಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆಯಸ್ಕಾಂತವನ್ನು ನಾಲ್ಕಾರು ಸಲ ಆಡಿಸಿ. ಅಂಟಿಕೊಳ್ಳುವ ಕಪ್ಪು ಕಣಗಳೇ ಮುಂದೆ ಎಂಜಿನ್ ಮೋಟಾರಿಗೆ ಸೇರಿಕೊಳ್ಳುವವು. ಘಾಟಿಯ ಕೆಂಪು ಮಣ್ಣು ಬಳಸುವಾಗಲೂ ಇದೇ ಕ್ರಮ, ಜೊತೆಗೆ ಬಾಣಲೆಯಲ್ಲಿ ಹುರಿದುಕೊಳ್ಳಿ. ಇಲ್ಲದಿದ್ದರೆ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.

ಪುಡಿ ಹಾಕುವ ಮೊದಲು ಹಳಿಯ ಪಕ್ಕೆಗಳಿಗೆ ತುಕ್ಕಿನ ಕಂದು ಬಣ್ಣ ಬಳಿಯಿರಿ. ಕೋಡ್ 55 ಎಂದು ಮಾರುವ ಮಾಡೆಲ್ ಹಳಿ 1.4 ಮಿ.ಮೀ. ಎತ್ತರ. ಮೀಟರಿಗೆ 60 ಕೆ.ಜಿ. ತೂಗುವ ನಿಜವಾದ ಹಳಿ 172 ಮಿ.ಮೀ., ನಮ್ಮ ಅಳತೆಗೆ 0.8 ಕೂಡ ಇಲ್ಲ. ಅಂದರೆ ನಮ್ಮ ಹಳಿ ಹೆಚ್ಚೂಕಡಿಮೆ ಎರಡು ಪಟ್ಟು ಎತ್ತರ. ಅದನ್ನು ಮರೆಸುವುದು ಈ ಬಣ್ಣವೇ. ಪುಡಿ ಸ್ಲೀಪರಿನ (ಹಳಿಯ ಅಡಿಯ ಅಡ್ಡಪಟ್ಟಿಯ) ಮೇಲ್ಮಟ್ಟಕ್ಕೆ ಬಂದು ನಿಲ್ಲಬೇಕು, ಮೀರಿದರೆ ಚಕ್ರದ ಅಂಚು ಅದರ ಮೇಲೆ ಹತ್ತಿ ಬೋಗಿ ಕೆಳಗಿಳಿಯುತ್ತದೆ. ಒಂದು ಮೀಟರ್ ಹಳಿಗೆ 20ರಿಂದ 25 ಮಿ.ಲೀ. ಪುಡಿ ಸಾಕಾಗುತ್ತದೆ. ಮೆತ್ತನೆಯ ಬ್ರಶ್‌ನಲ್ಲಿ ಸರಿಪಡಿಸಿ, ಹಳಿಯನ್ನು ಬೆರಳಿನಿಂದ ತಟ್ಟಿ ಕಣಗಳನ್ನು ಕೂರಿಸಿ.

ಅಂಟು ಹಾಕುವಲ್ಲಿ ಅವಸರ ಮಾಡಿದರೆ ಎಲ್ಲ ಹಾಳು. ಇಷ್ಟು ನಯದ ಪುಡಿಯ ಮೇಲೆ ಹನಿ ನೇರವಾಗಿ ಬಿದ್ದರೆ ಒಳಗಿಳಿಯದೆ ಮುತ್ತಿನಂತೆ ಉರುಳಿ ಕುಳಿ ಮಾಡುತ್ತದೆ. ಮೊದಲು ಐಸೋಪ್ರೊಪೈಲ್ ಆಲ್ಕೋಹಾಲನ್ನು ಒಂದಡಿ ಮೇಲಿನಿಂದ ಮಂಜಿನಂತೆ ಸಿಂಪಡಿಸಿ, ಪುಡಿ ಪೂರ್ತಿ ತೇವವಾಗಲಿ. ಹತ್ತಿರದಲ್ಲಿ ದೀಪ ಹಚ್ಚಬೇಡಿ. ಆಮೇಲೆ ಒಂದು ಪಾಲು ಫೆವಿಕಾಲಿಗೆ ನಾಲ್ಕು ಪಾಲು ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಸಿರಿಂಜಿನ ತುದಿಯನ್ನು ಸ್ಲೀಪರಿನ ಅಂಚಿಗೆ ತಾಗಿಸಿ ಬಿಡಿ, ತಾನೇ ಹರಿದುಹೋಗುತ್ತದೆ. ಈ ಮಿಶ್ರಣವನ್ನು ಅಂದಂದಿಗೆ ಮಾಡಿಕೊಳ್ಳಿ, ಇಟ್ಟರೆ ಕೆಡುತ್ತದೆ. ಪಾಯಿಂಟ್‌ನ (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗದ) ಅಲುಗುಗಳ ಹತ್ತಿರ ಪುಡಿಯೂ ಬೇಡ, ಅಂಟೂ ಬೇಡ. ಅಲ್ಲಿ ನೆಲಕ್ಕೆ ಬರೇ ಬಣ್ಣ ಸಾಕು. ಒಂದು ಪೂರ್ತಿ ದಿನ, ಜುಲೈ–ಆಗಸ್ಟ್‌ನಲ್ಲಿ ಎರಡು ದಿನ, ಕರೆಂಟ್ ಕೊಡಬೇಡಿ. ಒಣಗಿದ ಮೇಲೆ ಟಾರ್ಚನ್ನು ಹಳಿಯ ಮಟ್ಟಕ್ಕೆ ಅಡ್ಡ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಹಳಿಯ ಒಳಪಕ್ಕೆಗೆ ಅಂಟಿದ ಒಂದೊಂದೇ ಕಣವನ್ನೂ ಕೆರೆದು ತೆಗೆಯಬೇಕು.

ಮರಗಳಿಗೆ ಬರೋಣ, ನನಗೆ ಬಹಳ ಹೇಳಬೇಕೆನಿಸುವುದು ಇದನ್ನೇ. ಜೆಡ್ ಲೇಔಟ್‌ಗಳಲ್ಲಿ ನೆಡುವ ಮರ ಹೆಚ್ಚಾಗಿ 4–5 ಸೆಂ.ಮೀ. ಇರುತ್ತದೆ. 5 ಸೆಂ.ಮೀ. ಎಂದರೆ 11 ಮೀಟರ್, ಮನೆಯ ಹಿತ್ತಲಿನ ಮರ. ಘಾಟಿಯ ಕಾಡಿನ ಮೇಲ್ಛಾವಣಿ 25 ಮೀಟರಿಗಿದ್ದರೆ ನಮ್ಮ ಮರ 11 ಸೆಂ.ಮೀ. ಇರಬೇಕು, ಅದನ್ನೂ ಮೀರಿ ನಿಂತ 35 ಮೀಟರಿನ ಮರಕ್ಕೆ 16 ಸೆಂ.ಮೀ. ಬೋಗಿಯ ಎತ್ತರ 2 ಸೆಂ.ಮೀ. ಕೂಡ ಇಲ್ಲ. ಈ ಅನುಪಾತ ಬಂದಾಗಲೇ ಘಾಟಿ ಘಾಟಿಯಾಗುವುದು.

ಎಲ್ಲ ಮರಗಳಿಗೂ ಕಾಂಡ ಮಾಡುವ ಅಗತ್ಯವಿಲ್ಲ. ಹಳಿಯ ಅಂಚಿನ ಮತ್ತು ನೋಡುವವರ ಕಡೆಯ ಮೊದಲ ಎರಡು ಸಾಲಿಗೆ ಮಾತ್ರ ಕಾಂಡ. ಅದಕ್ಕೆ ಮಲ್ಟಿಸ್ಟ್ರಾಂಡ್ ವೈರಿನ ತಾಮ್ರದ ಎಳೆಗಳನ್ನು ಹೊಸೆದು ಕೊಂಬೆ ಬಿಡಿಸಿ, ಪುಟ್ಟಿ ಬಳಿಯಿರಿ. ಕಾಂಡದ ಬುಡ 2ರಿಂದ 4 ಮಿ.ಮೀ. ಸಾಕು, ನೇರವಾಗಿರಲಿ, ಕೊಂಬೆ ಮೇಲಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಹಿಂದಿನದೆಲ್ಲ ಬರೀ ನೆತ್ತಿ: ಫೋಮನ್ನೇ ಮರದ ಎತ್ತರಕ್ಕೆ ಎಬ್ಬಿಸಿ ಕಪ್ಪುಹಸಿರು ಬಳಿದು, ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯ 3ರಿಂದ 5 ಸೆಂ.ಮೀ. ಉಂಡೆಗಳನ್ನು ಒತ್ತೊತ್ತಾಗಿ ಅಂಟಿಸಿ. ಹತ್ತಿಯ ಬಿಳಿ ಎಲ್ಲೂ ಇಣುಕದಂತೆ ಮೊದಲೇ ಬಣ್ಣದ ನೀರಿನಲ್ಲಿ ಅದ್ದಿ ಒಣಗಿಸಿ, ಹಿಂಜಿ, ಆಮೇಲೆ ಎಲೆಪುಡಿಯಲ್ಲಿ ಹೊರಳಿಸಿ. ಎಲೆಪುಡಿಯನ್ನು ಮನೆಯಲ್ಲೇ ಮಾಡಬಹುದು. ಸ್ಪಂಜಿನ ತುಂಡು, ನೀರು, ಅಕ್ರಿಲಿಕ್ ಬಣ್ಣ ಹಾಕಿ, ಅಡುಗೆಗೆ ಮತ್ತೆ ಬಳಸದ ಹಳೆಯ ಮಿಕ್ಸಿ ಜಾರಿನಲ್ಲಿ ತಿರುಗಿಸಿ, ಹಿಂಡಿ, ಒಣಗಿಸಿ, ಜರಡಿ ಹಿಡಿಯಿರಿ. ಹತ್ತು ಸೆಂ.ಮೀ. ಎಲೆ ನಮ್ಮಲ್ಲಿ ಅರ್ಧ ಮಿ.ಮೀ.ಗಿಂತ ಕಡಿಮೆ, ಅದಕ್ಕಿಂತ ದೊಡ್ಡ ಚೂರು ಬಿದ್ದರೆ ಮರ ಹೂಕೋಸಾಗುತ್ತದೆ. ಕನಿಷ್ಠ ನಾಲ್ಕು ಹಸಿರು ಮಾಡಿಕೊಳ್ಳಿ, ಜೊತೆಗೆ ಹೊಸ ಚಿಗುರಿನ ತಾಮ್ರದ ಕೆಂಪು ಸ್ವಲ್ಪ. ಅಲ್ಲೊಂದು ಇಲ್ಲೊಂದು ಉಂಡೆಗೆ ಅದು ಬಿದ್ದರೆ ಕಾಡಿಗೆ ಜೀವ ಬರುತ್ತದೆ.

ತೋಟ ಬೇಕೆನ್ನುವವರಿಗೆ ಲೆಕ್ಕ ಸಲೀಸು. ಒಂದು ಗುಂಟೆ ಎಂದರೆ 4.6 ಸೆಂ.ಮೀ. ಚೌಕ, ಒಂದು ಎಕರೆ 29 ಸೆಂ.ಮೀ. ಚೌಕ. ಸುಬ್ರಹ್ಮಣ್ಯದ ಕಡೆಯ ಅಡಿಕೆ ತೋಟದಲ್ಲಿ ಒಂಬತ್ತಡಿ ಅಂತರ, ನಮಗೆ 12 ಮಿ.ಮೀ. ಎರಡು ಗುಂಟೆಗೇ ಸುಮಾರು 27 ಗಿಡ ಬೇಕು, ಆದ್ದರಿಂದ ತೋಟದ ಒಂದು ಮೂಲೆ ಮಾತ್ರ ತೋರಿಸಿ. ಕಾಂಡಕ್ಕೆ 0.8 ಮಿ.ಮೀ. ತಂತಿ, 7 ಸೆಂ.ಮೀ. ಎತ್ತರ, ತೆಳು ಕಾಗದದಲ್ಲಿ 9 ಮಿ.ಮೀ. ಉದ್ದದ ಏಳೆಂಟು ಸೋಗೆ. ಸಕಲೇಶಪುರದ ಕಡೆಯ ಕಾಫಿ ಇನ್ನೂ ಸುಲಭ: ಗಿಡ 7–8 ಮಿ.ಮೀ., ಅದೂ ನೆರಳಿನ ಮರಗಳ ಕೆಳಗೆ. ಅಂಚಿನ ಎರಡು ಸಾಲು ಬಿಟ್ಟರೆ ಒಳಗಿನದು ಯಾರಿಗೂ ಕಾಣುವುದಿಲ್ಲ. ಸಿಲ್ವರ್ ಓಕ್ ಕಾಂಡಕ್ಕೆ ಎಲೆಪುಡಿ ಮೆತ್ತಿದರೆ ಮೆಣಸಿನ ಬಳ್ಳಿ ಹಬ್ಬಿತು.

ಸ್ಟ್ಯಾಟಿಕ್ ಹುಲ್ಲು ಎಂದರೆ ವಿದ್ಯುತ್ತಿನ ಸೆಳೆತದಿಂದ ಅಂಟಿನ ಮೇಲೆ ನೆಟ್ಟಗೆ ನಿಲ್ಲಿಸುವ ಸಣ್ಣ ಎಳೆಗಳು. ಅದರ 2 ಮಿ.ಮೀ. ಎಳೆ 44 ಸೆಂ.ಮೀ. ಹುಲ್ಲು. ಹಳಿಯ ಬದಿಗೆ 1 ಮಿ.ಮೀ. ಮೀರಬೇಡಿ. ಸೊಳ್ಳೆ ಬ್ಯಾಟಿನ ಸರ್ಕ್ಯೂಟಿನಿಂದ ಹುಲ್ಲು ನಿಲ್ಲಿಸುವ ಉಪಕರಣ ಮಾಡುವವರು ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್ ಹೊಡೆಯುತ್ತದೆ ಎನ್ನುವುದನ್ನು ಮರೆಯಬಾರದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಎಳೆಗಳು ಗಂಟುಗಂಟಾಗಿ ಬೀಳುತ್ತವೆ, ಬಲ್ಬಿನ ಕೆಳಗೆ ಒಣಗಿಸಿಕೊಂಡು ಹಾಕಿ.

ಬಣ್ಣದಲ್ಲಿ ಒಂದೇ ನಿಯಮ. ಅರ್ಧ ಮೀಟರ್ ದೂರದಿಂದ ನೋಡಿದರೆ ನಾವು 110 ಮೀಟರ್ ದೂರದಿಂದ ನೋಡಿದಂತೆ. ಆ ದೂರಕ್ಕೆ ಯಾವ ಬಣ್ಣವೂ ಗಾಢವಾಗಿರುವುದಿಲ್ಲ. ಕೆಂಪು ಮಣ್ಣಿಗೂ ಹಸಿರಿಗೂ ತುಸು ತಿಳಿಬೂದು ಸೇರಿಸಿ, ಹಿಂದಿನ ಗುಡ್ಡಕ್ಕೆ ಇನ್ನೂ ಹೆಚ್ಚು. ಫೆವಿಕಾಲ್ ಕುಡಿದ ಮಣ್ಣು ಒಣಗಿದ ಮೇಲೂ ಮೊದಲಿನಷ್ಟು ತಿಳಿಯಾಗುವುದಿಲ್ಲ, ಹಾಗಾಗಿ ಮೊದಲು ಬೇರೆ ರಟ್ಟಿನ ಮೇಲೆ ಹಾಕಿ ನೋಡಿ.

ನಿಲ್ದಾಣ ಬೇಕೇ ಬೇಕು ಎನ್ನುವವರೂ ಇದ್ದಾರೆ. ಹತ್ತು ಬೋಗಿಯ ಪ್ಲಾಟ್‌ಫಾರ್ಮ್ 107 ಸೆಂ.ಮೀ. ಆಗುತ್ತದೆ, ಹಲಗೆಗಿಂತ ಉದ್ದ. ನಿಜವಾಗಿಯೂ ಬೇಕಿದ್ದರೆ ಎದುರುಬದುರು ರೈಲುಗಳು ದಾಟಿಕೊಳ್ಳುವ, ಘಾಟಿಯ ಒಂದು ಸಣ್ಣ ಕ್ರಾಸಿಂಗ್ ನಿಲ್ದಾಣದ ತುದಿಯನ್ನಷ್ಟೇ ಕಟ್ಟಿ: 20 ಸೆಂ.ಮೀ. ಪ್ಲಾಟ್‌ಫಾರ್ಮ್, ಒಂದು ಹಳದಿ ಬೋರ್ಡ್, ಒಂದು ಪಾಯಿಂಟ್. ಉಳಿದ ಬೋಗಿಗಳು ಸುರಂಗದೊಳಗೇ ನಿಂತಿರಲಿ.